ಜಿಯೋಕ್ಯಾಶಿಂಗ್ ಎಂಬ ನಿಕ್ಷೇಪವಿನೋದ

ನಮ್ಮ ದಾನಶಾಸನಗಳಲ್ಲಿ ದತ್ತಿಯ ಭೂಮಿಗೆ ಸೇರಿದ ಅಷ್ಟಭೋಗಗಳನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಣಿಸುವ ಪದ್ಧತಿಯು ವಾಚಕರಿಗೆ ಸುಪರಿಚಿತವಾದುದು. ಇವುಗಳಲ್ಲಿ ಮೊದಲಿನ ಎರಡು ಶಬ್ದಗಳು ಸದಾ ಜೊತೆಗೂಡಿಯೇ ಬರುವುದರಿಂದ ಅವೆರಡೂ ಒಂದೇ ವಸ್ತುವಿನ ಎರಡು ಹೆಸರುಗಳೆಂಬ ಭ್ರಾಂತಿಯು ಸುಲಭವಾಗಿ ಹುಟ್ಟುತ್ತದೆ. ವ್ಯವಹಾರಶಾಸ್ತ್ರದಲ್ಲಿ ಇವು ಬೇರೆಬೇರೆ. ನಿಧಿಯೆಂಬುದು ಇಟ್ಟವನಾರೆಂದು ಮರೆತುಹೋಗಿ ನೆಲದಲ್ಲಿ ಹುದುಗಿರುವ ಧನ. ಅದು ಕಂಡವನಿಗೆಷ್ಟು ಅರಸನಿಗೆಷ್ಟು ಎಂಬುದೇ ಅಲ್ಲಿಯ ಪ್ರಶ್ನೆ. ನಿಕ್ಷೇಪವೆಂಬುದು ಒಬ್ಬನು ನಂಬಿಕೆಯಿಂದ ಇರಿಸಿದ ಒಡವೆ. ಅದಕ್ಕೆ ಒಡೆಯನುಂಟು, ಕಾಯುವ ಹೊಣೆಯುಂಟು, ಕೆಟ್ಟರೆ ಕೇಳುವವರುಂಟು. ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಹೇಳುವಾಗ ಋಣಾದಾನದ ತರುವಾಯ ನಿಕ್ಷೇಪವನ್ನೇ ಇಟ್ಟಿದೆ. ಪೆಟ್ಟಿಗೆಯಲ್ಲಿ ಮುಚ್ಚಿ, ಒಳಗೇನಿದೆಯೆಂದು ಹೇಳದೆ ಒಪ್ಪಿಸಿದುದಕ್ಕೆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಔಪನಿಧಿಕವೆಂಬ ಬೇರೆ ಹೆಸರೇ ಉಂಟು.

ಈ ಭೇದವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವು ಹಳೆಯ ಶಾಸನವಲ್ಲ, ಹೊಸದೊಂದು ವಿನೋದ. ಕಳೆದ ಕಾಲು ಶತಮಾನದಲ್ಲಿ ಅಮೆರಿಕಾದಿಂದ ಹೊರಟು ಭೂಮಂಡಲವನ್ನೆಲ್ಲ ವ್ಯಾಪಿಸಿರುವ ಜಿಯೋಕ್ಯಾಶಿಂಗ್ ಎಂಬ ಆಟವನ್ನು ಪರಿಚಯ ಮಾಡಿಕೊಡುವವರು ಪ್ರಾಯಿಕವಾಗಿ ‘ನಿಧಿಯ ಬೇಟೆ’ ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಹೀಗೆ ಹೇಳುವುದು ಸುಲಭ. ಆದರೆ ಆ ಆಟದ ಕಟ್ಟಳೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಅದರಲ್ಲಿ ನಿಧಿಯ ಲಕ್ಷಣವು ಒಂದೂ ಇಲ್ಲವೆಂದೂ, ನಿಕ್ಷೇಪದ ಲಕ್ಷಣಗಳು ಬಹುಮಟ್ಟಿಗೆ ಎಲ್ಲವೂ ಇರುವುವೆಂದೂ ನಮಗೆ ತೋರಿದೆ. ಹೆಸರು ತಪ್ಪಿದರೆ ನಡತೆಯೂ ತಪ್ಪುವುದು. ನಮ್ಮ ನಾಡಿನಲ್ಲಂತೂ ಈ ತಪ್ಪಿಗೆ ತೆರಬೇಕಾದ ಬೆಲೆ ದೊಡ್ಡದು. ಅದುಕಾರಣ ಈ ವಿನೋದದ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಉದ್ದೇಶಿಸಿದ್ದೇವೆ.

ಅದರ ಸ್ಥೂಲರೂಪ ಹೀಗಿದೆ. ಒಬ್ಬನು ನೀರು ಹೊಗದ ಡಬ್ಬಿಯೊಂದರಲ್ಲಿ ಸಣ್ಣ ಪುಸ್ತಕವನ್ನಿಟ್ಟು, ಬಂಡೆಯ ಮರೆಯಲ್ಲಿಯೋ ಮರದ ಪೊಟರೆಯಲ್ಲಿಯೋ ಅದನ್ನು ಕಾಣದಂತೆ ಇರಿಸಿ, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದ ಪಟ್ಟಿಯಲ್ಲಿ ಪ್ರಕಟಿಸುತ್ತಾನೆ. ಮತ್ತೊಬ್ಬನು ಆ ಅಂಕಗಳನ್ನು ಹಿಡಿದು, ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ತಿಳಿಸುವ ಯಂತ್ರದ ನೆರವಿನಿಂದ ಅಲ್ಲಿಗೆ ಹೋಗಿ, ಡಬ್ಬಿಯನ್ನು ಹುಡುಕಿ ತೆರೆದು, ಪುಸ್ತಕದಲ್ಲಿ ತನ್ನ ಹೆಸರನ್ನೂ ದಿನಾಂಕವನ್ನೂ ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇದ್ದೆಡೆಯಲ್ಲಿ ಇಟ್ಟು ಬರುತ್ತಾನೆ. ಮನೆಗೆ ಬಂದು ಪಟ್ಟಿಯಲ್ಲಿಯೂ ಅದನ್ನು ವರದಿ ಮಾಡುತ್ತಾನೆ. ಇಷ್ಟೇ ಆಟ. ಕಂಡವನು ಏನನ್ನೂ ಗಳಿಸುವುದಿಲ್ಲ.

ಇದಕ್ಕೆ ಪೂರ್ವರೂಪವು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ದೊರೆಯುತ್ತದೆ. ಅಲ್ಲಿ ಡಾರ್ಟ್‌ಮೂರ್ ಎಂಬ ವಿಶಾಲವಾದ ಜವುಗುಬಯಲಿನ ನಡುವೆ ಕ್ರಾನ್ಮಿಯರ್ ಪೂಲ್ ಎಂಬ ದುರ್ಗಮಸ್ಥಳವಿದೆ. 1854ರಲ್ಲಿ ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಕನು, ಕಷ್ಟಪಟ್ಟು ಅಲ್ಲಿಯವರೆಗೆ ಬಂದವರು ತಮ್ಮ ಹೆಸರಿನ ಚೀಟಿಯನ್ನು ಬಿಟ್ಟುಹೋಗಲೆಂದು ಒಂದು ಸೀಸೆಯನ್ನು ಇರಿಸಿದನು. 1905ರಲ್ಲಿ ಅಲ್ಲಿ ಸಂದರ್ಶಕರ ಪುಸ್ತಕವೇ ಬಂದಿತು. ಒಬ್ಬನು ತನ್ನ ವಿಳಾಸ ಬರೆದ ಕಾರ್ಡನ್ನು ಬಿಟ್ಟುಬರುವುದು, ಮುಂದೆ ಬಂದವನು ಅದನ್ನು ಕೊಂಡೊಯ್ದು ತನ್ನ ಊರಿನಿಂದ ಅಂಚೆಗೆ ಹಾಕುವುದು ಎಂಬ ರೂಢಿಯೂ ಬೆಳೆಯಿತು. ‘ಲೆಟರ್‌ಬಾಕ್ಸಿಂಗ್’ ಎಂಬ ಹೆಸರು ಇದರಿಂದಲೇ ಬಂದುದು. ಡಾರ್ಟ್‌ಮೂರಿನ ಮೇಲೆ ಪ್ರಮಾಣಭೂತವಾದ ಗ್ರಂಥವನ್ನು ಬರೆದ ವಿಲಿಯಂ ಕ್ರಾಸಿಂಗ್ ಎಂಬವನ ಸ್ಮರಣಾರ್ಥವಾಗಿ 1938ರಲ್ಲಿ ಡಕ್ಸ್ ಪೂಲ್ ಎಂಬಲ್ಲಿ ಮತ್ತೊಂದು ಪೆಟ್ಟಿಗೆ ಸ್ಥಾಪಿತವಾಯಿತು. ವಿದ್ವಾಂಸನೊಬ್ಬನಿಗೆ ಪ್ರತಿಮೆಯ ಬದಲು, ನಡೆದು ಬಂದವರಿಗೆ ಮಾತ್ರ ದೊರೆಯುವ ಪುಸ್ತಕಪೆಟ್ಟಿಗೆಯನ್ನು ಸ್ಮಾರಕವಾಗಿ ಮಾಡಿದ ಆ ಜನರ ರಸಿಕತೆಯನ್ನು ಮೆಚ್ಚಬೇಕು.

ಡಾರ್ಟ್‌ಮೂರಿನಲ್ಲಿ ದಾರಿಯನ್ನು ಬಲ್ಲವನೇ ಹೇಳಬೇಕಾಗಿತ್ತು. ಅಂಕಗಳೇ ದಾರಿ ಹೇಳುವ ಕಾಲವು 2000ನೆಯ ಇಸವಿಯಲ್ಲಿ ಬಂದಿತು. ಅಮೆರಿಕಾದ ಸೈನ್ಯವು ಸ್ಥಾಪಿಸಿರುವ ಜಿ.ಪಿ.ಎಸ್. ವ್ಯವಸ್ಥೆಯಲ್ಲಿ ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಪರಮಾಣುಗಡಿಯಾರದ ಕಾಲವನ್ನು ಎಡೆಬಿಡದೆ ಸಾರುತ್ತಿರುತ್ತವೆ. ಆ ಸಂಕೇತಗಳು ತನ್ನನ್ನು ತಲುಪುವುದಕ್ಕೆ ಹಿಡಿದ ಕಾಲದಿಂದ ಯಂತ್ರವು ಒಂದೊಂದು ಉಪಗ್ರಹಕ್ಕೂ ತನಗೂ ಇರುವ ದೂರವನ್ನು ಎಣಿಸಿಕೊಳ್ಳುತ್ತದೆ. ನಾಲ್ಕು ಉಪಗ್ರಹಗಳು ದೊರೆತರೆ ಸ್ಥಾನವು ನಿಶ್ಚಿತವಾಗುವುದು. ಆದರೆ ಸೈನ್ಯಕ್ಕೆ ಸೇರದವರು ಹಿಡಿಯುವ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ದೋಷವನ್ನು ಬೆರೆಸಿದ್ದರು. ಇದರಿಂದ ಸ್ಥಾನನಿರ್ಣಯವು 100 ಮೀಟರಿನವರೆಗೂ ತಪ್ಪಬಹುದಾಗಿತ್ತು. ನೂರು ಮೀಟರಿನ ವೃತ್ತದಲ್ಲಿ ಹಡಗನ್ನು ಹುಡುಕಬಹುದು, ಡಬ್ಬಿಯನ್ನು ಹುಡುಕಲಾಗದು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ನರು ಈ ದೋಷಮಿಶ್ರಣವನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಅದೇ ರಾತ್ರಿ ಲೋಕದ ಎಲ್ಲ ಯಂತ್ರಗಳೂ ಸುಮಾರು ಹತ್ತುಪಟ್ಟು ನಿಷ್ಕೃಷ್ಟವಾದುವು.

ಮೂರನೆಯ ದಿನಕ್ಕೇ ಆಟವು ಹುಟ್ಟಿತು. ಆರೆಗನ್ ಸಂಸ್ಥಾನದ ಡೇವ್ ಉಲ್ಮರ್ ಎಂಬವರು ಮೇ 3ರಂದು ಪೋರ್ಟ್‌ಲ್ಯಾಂಡಿನ ಹತ್ತಿರ ಬೀವರ್‌ಕ್ರೀಕ್ ಎಂಬಲ್ಲಿ ಕಪ್ಪು ಬಕೀಟೊಂದನ್ನು ಕಾಡಿನಂಚಿನಲ್ಲಿ ಅರ್ಧ ಹೂತು, ಉಪಗ್ರಹಯಾನಾಸಕ್ತರ ವಾರ್ತಾಕೂಟವೊಂದರಲ್ಲಿ ಆ ಎಡೆಯ ಅಂಕಗಳನ್ನು ಪ್ರಕಟಿಸಿದರು: ಉತ್ತರ 45° 17.460', ಪಶ್ಚಿಮ 122° 24.800'. ಬಕೀಟಿನಲ್ಲಿ ಪುಸ್ತಕ, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಅವರೆಜಾತಿಯ ಕಾಳು ಮೊದಲಾದ ಚಿಲ್ಲರೆ ವಸ್ತುಗಳಿದ್ದುವು. ಬಂದವರು ಏನಾದರೂ ತೆಗೆದುಕೊಳ್ಳಬಹುದು, ಆದರೆ ಏನಾದರೂ ಇಟ್ಟೂ ಹೋಗಬೇಕು, ಹೆಸರನ್ನು ಬರೆಯಬೇಕು ಎಂಬುದೇ ಅವರ ಕಟ್ಟಳೆ. ಮೂರು ದಿನಗಳೊಳಗಾಗಿ ಇಬ್ಬರು ಅದನ್ನು ಕಂಡರು. ಮೊದಲು ಕಂಡ ಮೈಕ್ ಟೀಗ್ ಎಂಬವರು ಬೇರೆಯವರೂ ಇಡತೊಡಗಿದ ಡಬ್ಬಿಗಳ ಅಂಕಗಳನ್ನು ಒಂದೆಡೆ ಸಂಗ್ರಹಿಸಿದರು. ಸಿಯಾಟಲ್ ನಗರದ ಜೆರೆಮಿ ಐರಿಶ್ ಎಂಬವರು ಅದೇ ವರ್ಷದ ಸೆಪ್ಟೆಂಬರ್ 2ರಂದು ಈ ಆಟಕ್ಕೆಂದೇ ಜಾಲತಾಣವನ್ನು ಆರಂಭಿಸಿದಾಗ ಗೊತ್ತಿದ್ದ ಡಬ್ಬಿಗಳು 75. ಈಗ ಅವು ಮೂವತ್ತು ಲಕ್ಷವನ್ನು ಮೀರಿರುವುವು. ಉಲ್ಮರರ ಬಕೀಟು ಬಹುಕಾಲ ಉಳಿಯಲಿಲ್ಲ; 2003ರಲ್ಲಿ ಅಲ್ಲಿ ಸ್ಮಾರಕಫಲಕವನ್ನು ಹಾಕಿದರು. 2000ದ ಮೇ 11ರಂದು ಕಾನ್ಸಸ್ ಸಂಸ್ಥಾನದಲ್ಲಿ ಇರಿಸಿದ ‘ಮಿಂಗೊ’ ಎಂಬುದು ಉಳಿದುಬಂದವುಗಳಲ್ಲಿ ಅತ್ಯಂತ ಹಳೆಯದೆಂದು ಪ್ರಸಿದ್ಧವಾಗಿದೆ. ಒಂದು ಉಳಿದು ಒಂದು ಅಳಿದುದೇಕೆಂಬ ವಿಚಾರಕ್ಕೆ ಮುಂದೆ ಬರುತ್ತೇವೆ.

ಇನ್ನು ಹೆಸರಿನ ಮಾತು. ಉಲ್ಮರರು ಬಳಸಿದುದು ‘ಸ್ಟ್ಯಾಶ್’ ಎಂಬ ಶಬ್ದ. ಅದರಲ್ಲಿ ಕಳ್ಳಮಾಲಿನ ವಾಸನೆಯಿರುವುದರಿಂದ ಮ್ಯಾಟ್ ಸ್ಟಮ್ ಎಂಬವರು 2000ದ ಮೇ 30ರಂದು ‘ಜಿಯೋಕ್ಯಾಶಿಂಗ್’ ಎಂಬ ಹೊಸ ಪದವನ್ನು ಸೂಚಿಸಿದರು. ಪೂರ್ವಪದವು ಭೂಮಿವಾಚಕವಾದ ಗ್ರೀಕು ಶಬ್ದ. ಉತ್ತರಪದವು ಮರೆಮಾಡು ಎಂಬರ್ಥದ ಫ್ರೆಂಚು ಧಾತುವಿನಿಂದ ಬಂದುದು. ಉತ್ತರ ಅಮೆರಿಕಾದ ಕಾಡುಗಳಲ್ಲಿ ತುಪ್ಪುಳಚರ್ಮದ ವ್ಯಾಪಾರಕ್ಕಾಗಿ ಅಲೆಯುತ್ತಿದ್ದ ಫ್ರೆಂಚು ಬೇಟೆಗಾರರು ಹಿಂದಿರುಗುವ ದಾರಿಯ ಬುತ್ತಿಯನ್ನು ನೆಲದ ಕುಳಿಗಳಲ್ಲಿ ಅಡಗಿಸಿಡುತ್ತಿದ್ದರು; ಆ ಕುಳಿಯೇ ‘ಕ್ಯಾಶ್’. ಇದಕ್ಕೆ ಅತ್ಯಂತ ಸಮೀಪವಾದ ಕನ್ನಡ ಶಬ್ದವನ್ನು ಹುಡುಕಿದರೆ ನಮ್ಮ ರೈತರ ‘ಹಗೇವು’ ಕಣ್ಣಿಗೆ ಬೀಳುತ್ತದೆ. ಕಾಳನ್ನು ನೆಲದೊಳಗೆ ಕಾಪಾಡುವ ಹಗೇವಿನಲ್ಲಿಯೂ ಗುಪ್ತಿಗಿಂತ ರಕ್ಷಣೆಯೇ ಮುಖ್ಯ. ಆದರೆ ಹಗೇವಿಗೆ ಅಗೆಯುವುದು ಅವಶ್ಯ. ಈ ಆಟದಲ್ಲಿ ಅಗೆಯುವುದು ನಿಷಿದ್ಧ. ಉಲ್ಮರರ ಮೊದಲ ಬಕೀಟು ಅರ್ಧ ಹೂತಿದ್ದುದು ನಿಜವಾದರೂ, ಆಟವು ಬೆಳೆದಂತೆ ಮಾಡಿಕೊಂಡ ಮೊದಲ ಕಟ್ಟಳೆಗಳಲ್ಲಿ ಒಂದು ಇದೇ. ಆದಕಾರಣ ನಾವು ‘ನಿಕ್ಷೇಪ’ ಎಂಬುದನ್ನೇ ಹಿಡಿದಿದ್ದೇವೆ. ಈಚೆಗೆ ಖನಿಜದ ನಿಕ್ಷೇಪವೆಂಬ ಪ್ರಯೋಗವು ರೂಢವಾಗಿದೆಯೆಂದು ಕೆಲವರು ಆಕ್ಷೇಪಿಸಬಹುದು. ಹಳೆಯ ಅರ್ಥವು ಇನ್ನೂ ಸತ್ತಿಲ್ಲವೆಂಬುದೇ ನಮ್ಮ ಸಮಾಧಾನ.

ಹುಡುಕುವ ಕಲೆಯನ್ನು ನೋಡೋಣ. ಸ್ಥಾನವನ್ನು ಅಂಶ, ಕಲೆ, ಕಲೆಯ ಸಹಸ್ರಾಂಶಗಳಲ್ಲಿ ಕೊಡುವುದು ಇಲ್ಲಿಯ ಪದ್ಧತಿ. ಅಕ್ಷಾಂಶದ ಒಂದು ಕಲೆಯು ಸುಮಾರು 1,852 ಮೀಟರಾದುದರಿಂದ ಅದರ ಸಹಸ್ರಾಂಶವು ಎರಡು ಮೀಟರಿಗೆ ಕಡಮೆ. ರೇಖಾಂಶದ ಸಹಸ್ರಾಂಶವು ಉಲ್ಮರರ ಆರೆಗನ್ನಿನಲ್ಲಿ 1.3 ಮೀಟರು, ಬೆಂಗಳೂರಿನಲ್ಲಿ 1.8 ಮೀಟರು. ಅಂಕಗಳಲ್ಲಿ ಇಷ್ಟು ಸೂಕ್ಷ್ಮತೆಯಿದ್ದರೂ ಯಂತ್ರದಲ್ಲಿ ಅಷ್ಟಿಲ್ಲ. ಬಯಲಿನಲ್ಲಿ ಸಾಮಾನ್ಯವಾದ ಕೈಫೋನು ಸುಮಾರು ಐದು ಮೀಟರು ತಪ್ಪಬಹುದು. ಮರಗಳ ಕೆಳಗೆ, ಬಂಡೆಯ ಮಗ್ಗುಲಲ್ಲಿ, ಎತ್ತರವಾದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಇಟ್ಟವನ ಯಂತ್ರದ ತಪ್ಪೂ ಹುಡುಕುವವನ ಯಂತ್ರದ ತಪ್ಪೂ ಕೂಡಿದರೆ ಹತ್ತು ಹದಿನೈದು ಮೀಟರಿನ ವೃತ್ತವು ಉಳಿಯುತ್ತದೆ. ಹೊಸಬರು ಆ ವೃತ್ತದೊಳಗೆ ಬಂದ ಮೇಲೂ ಯಂತ್ರದ ಬಾಣವನ್ನೇ ನೋಡುತ್ತ ಗಾಣದೆತ್ತಿನಂತೆ ಸುತ್ತುವುದುಂಟು. ಅನುಭವಿಗಳು ಯಂತ್ರವನ್ನು ಜೇಬಿಗೆ ಸೇರಿಸಿ, ‘ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ?’ ಎಂದು ತಮ್ಮನ್ನು ಕೇಳಿಕೊಳ್ಳುತ್ತಾರೆ. ಒಂದರ ಮೇಲೊಂದು ಒಪ್ಪವಾಗಿ ಕುಳಿತಿರುವ ಕಲ್ಲುಗಳು, ಗಾಳಿ ತಂದು ಹಾಕಿರಲಾರದ ಕಡ್ಡಿಗಳ ರಾಶಿ, ಹೆಜ್ಜೆಗಳಿಂದ ಸವೆದ ಹುಲ್ಲು ಇವುಗಳೇ ಅವರಿಗೆ ಸುಳಿವು. ನೆಲದೊಳಗಿನ ಧನವನ್ನು ಕಾಣುವುದಕ್ಕಾಗಿ ಕಣ್ಣಿಗೆ ಸಿದ್ಧಾಂಜನವನ್ನು ಹಚ್ಚುತ್ತಿದ್ದರೆಂಬ ಕಥೆಗಳನ್ನು ನಾವು ಓದಿದ್ದೇವೆ. ಈ ಯಂತ್ರವು ಅಂಥ ಅಂಜನವಲ್ಲ. ಅದು ಬಾಗಿಲವರೆಗೆ ಕರೆತರುತ್ತದೆ, ಒಳಗೆ ನೋಡುವ ಕೆಲಸವು ಕಣ್ಣಿನದೇ.

ನಿಕ್ಷೇಪಗಳಲ್ಲಿ ಹಲವು ಜಾತಿಗಳುಂಟು. ಕೊಟ್ಟ ಅಂಕಗಳಲ್ಲಿಯೇ ಡಬ್ಬಿಯಿರುವುದು ಸಾಂಪ್ರದಾಯಿಕ. ಮೊದಲನೆಯ ಎಡೆಯಲ್ಲಿ ಎರಡನೆಯದರ ಗುರುತು, ಎರಡನೆಯದರಲ್ಲಿ ಮೂರನೆಯದರ ಗುರುತು ಎಂದು ಸರಪಣಿಯಾಗಿ ನಡೆಯುವುದು ಇನ್ನೊಂದು. ಒಗಟನ್ನು ಬಿಡಿಸಿದವನಿಗೇ ಅಂಕಗಳು ದೊರೆಯುವುದು ಮತ್ತೊಂದು. ಪ್ರತಿಯೊಂದಕ್ಕೂ ಹುಡುಕುವ ಕಷ್ಟಕ್ಕೊಂದು, ನೆಲದ ಕಷ್ಟಕ್ಕೊಂದು ಎಂದು ಎರಡು ಪ್ರಮಾಣಗಳನ್ನು ಒಂದರಿಂದ ಐದರವರೆಗೆ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿ ಸುಳಿವಿನ ಮಾತೊಂದಿದ್ದರೆ ಅದನ್ನು ಸಂಕೇತಲಿಪಿಯಲ್ಲಿ ಬರೆಯುವುದು ರೂಢಿ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಪ್ರತಿಯೊಂದಕ್ಕೂ ಅದರಿಂದ ಹದಿಮೂರನೆಯದನ್ನು ಆದೇಶವಾಗಿ ಹಾಕುತ್ತಾರೆ. ಹದಿಮೂರು ಇಪ್ಪತ್ತಾರರ ಅರ್ಧವಾದುದರಿಂದ ಮುಚ್ಚುವ ಕ್ರಮವೇ ಬಿಚ್ಚುವ ಕ್ರಮವೂ ಆಗುತ್ತದೆ. ವಾತ್ಸ್ಯಾಯನನ ಅರುವತ್ತುನಾಲ್ಕು ಕಲೆಗಳಲ್ಲಿ ಎಣಿಕೆಯಾದ ಮ್ಲೇಚ್ಛಿತವಿಕಲ್ಪವನ್ನು ಇದು ನೆನಪಿಗೆ ತರುತ್ತದೆ. ಕನ್ನಡದಲ್ಲಿ ಈ ಯುಕ್ತಿಯು ನಡೆಯದು: ಕೇಶಿರಾಜನ ನಾಲ್ವತ್ತೇಳನ್ನು ಹಿಡಿದರೂ ಶಾಲೆಯ ನಾಲ್ವತ್ತೊಂಬತ್ತನ್ನು ಹಿಡಿದರೂ ನಮ್ಮ ವರ್ಣಗಳ ಸಂಖ್ಯೆಯು ಬೆಸ, ಸರಿಯಾಗಿ ಎರಡು ಭಾಗವಾಗುವುದಿಲ್ಲ. ಕನ್ನಡದಲ್ಲಿ ಸುಳಿವು ಬರೆಯುವವರು ಬೇರೆ ಉಪಾಯವನ್ನೇ ಹುಡುಕಬೇಕು.

ಡಬ್ಬಿಯೊಳಗೆ ಮುಖ್ಯವಾದುದು ಪುಸ್ತಕ. ದೊಡ್ಡ ಡಬ್ಬಿಗಳಲ್ಲಿ ಮಕ್ಕಳ ಆಟಿಕೆ, ಗುಂಡಿ, ನಾಣ್ಯ ಮೊದಲಾದುವು ಇರುತ್ತವೆ; ಒಂದನ್ನು ತೆಗೆದುಕೊಂಡವನು ಅದಕ್ಕೆ ಸಮನಾದುದನ್ನಾಗಲಿ ಮಿಗಿಲಾದುದನ್ನಾಗಲಿ ಇಡತಕ್ಕದ್ದು. ಅಂಕಿತಸಂಖ್ಯೆಯನ್ನು ಕೆತ್ತಿದ ಸಣ್ಣ ಬಿಲ್ಲೆಗಳೂ ಕೆಲವು ಇರುವುವು. ಇವನ್ನು ತೆಗೆದುಕೊಂಡವನು ಇಟ್ಟುಕೊಳ್ಳುವಂತಿಲ್ಲ. ಮತ್ತೊಂದು ಡಬ್ಬಿಗೆ ಮುಟ್ಟಿಸಬೇಕು. ಹೀಗೆ ಕೈಯಿಂದ ಕೈಗೆ ಖಂಡಾಂತರ ಪಯಣ ಮಾಡಿದ ಬಿಲ್ಲೆಗಳುಂಟು. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವರು ಇಂಥದೊಂದನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶನಿಲ್ದಾಣಕ್ಕೆ ಒಯ್ದರು; 2021ರಲ್ಲಿ ಮಂಗಳಗ್ರಹದ ಮೇಲೆ ಇಳಿದ ಪರ್ಸಿವಿಯರೆನ್ಸ್ ವಾಹನದ ಉಪಕರಣಭಾಗವೊಂದರಲ್ಲಿಯೂ ಇಂಥ ಅಂಕಿತವಿದೆ. ಇವೆಲ್ಲ ಕೌತುಕದ ಮಾತು. ಪುಸ್ತಕದ ವಿಚಾರವೇ ನಮ್ಮಂಥವರಿಗೆ ಹೆಚ್ಚು ಸ್ವಾರಸ್ಯ. ‘ನಾನು ಇಲ್ಲಿಗೆ ಬಂದಿದ್ದೆ’ ಎಂದು ಬರೆದಿಡುವ ಆಸೆಯು ಮನುಷ್ಯನಿಗೆ ಬಹು ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಯಾತ್ರಿಕರ ಹೆಸರುಗಳು ಎಷ್ಟೋ ಇವೆ. ಅಲ್ಲಿಯ ಕವಿರತ್ನನೆಂಬ ಅಂಕಿತವು ರನ್ನನ ಕೈಬರಹವೇ ಎಂದು ನಂಬಲಾಗಿದೆ. ರನ್ನನು ಕೆತ್ತಿದರೆ ಅದು ಶಾಸನ. ಇಂದಿನವನು ಕೆತ್ತಿದರೆ ಅದು ಅಪರಾಧ, ಅಪರಾಧವಾಗಿರುವುದೂ ನ್ಯಾಯವೇ. ಆ ಹಳೆಯ ಆಸೆಗೆ ಕಲ್ಲಿಗೆ ನೋವಾಗದಂತೆ ಒಂದು ಎಡೆಯನ್ನು ಕಲ್ಪಿಸಿರುವುದು ಈ ಸಣ್ಣ ಪುಸ್ತಕದ ಗುಣ.

ಇಡುವವನ ಹೊಣೆಯು ಹುಡುಕುವವನದಕ್ಕಿಂತ ಹೆಚ್ಚಿನದು. ಎರಡು ನಿಕ್ಷೇಪಗಳ ನಡುವೆ ಒಂದು ಮೈಲಿಯ ದಶಾಂಶ, ಎಂದರೆ 161 ಮೀಟರಾದರೂ ಅಂತರವಿರಬೇಕು. ಸ್ಥಳದ ಒಡೆಯನ ಅನುಮತಿ ಬೇಕು. ನೆಲವನ್ನು ಅಗೆಯಕೂಡದು, ಮರಕ್ಕೆ ಮೊಳೆ ಹೊಡೆಯಕೂಡದು, ಗೋಡೆಯ ಕಲ್ಲನ್ನು ಕೀಳಕೂಡದು. ತಿನ್ನುವ ಪದಾರ್ಥ, ಮದ್ಯ, ಆಯುಧ, ಸಿಡಿಮದ್ದುಗಳನ್ನು ಒಳಗೆ ಇಡಕೂಡದು. ತಿನಿಸನ್ನು ನಿಷೇಧಿಸಿರುವುದು ಪ್ರಾಣಿಗಳು ಮೂಸಿಕೊಂಡು ಬಂದು ಡಬ್ಬಿಯನ್ನು ಕಚ್ಚಿಹಾಕುವುದರಿಂದ. ಇಟ್ಟವನು ಅಂಕಗಳನ್ನು ಕಳುಹಿಸಿದ ಕೂಡಲೆ ಅವು ಪ್ರಕಟವಾಗುವುದಿಲ್ಲ; ವೇತನವಿಲ್ಲದೆ ಈ ಕೆಲಸವನ್ನು ವಹಿಸಿಕೊಂಡಿರುವ ಪರೀಕ್ಷಕರು ನೋಡಿ ಒಪ್ಪಬೇಕು. ಅಮೆರಿಕಾದ ರಾಷ್ಟ್ರೀಯೋದ್ಯಾನಗಳಲ್ಲಿ ಅನುಮತಿಯಿಲ್ಲದೆ ಡಬ್ಬಿಯನ್ನು ಇಡುವುದು ನಿಷಿದ್ಧ. ಇಂಥ ಸ್ಥಳಗಳಿಗೆ ಒಪ್ಪುವಂತೆ 2004ರಲ್ಲಿ ಅಮೆರಿಕಾದ ಭೂವಿಜ್ಞಾನಸಂಘದ ಸಹಕಾರದಿಂದ ಡಬ್ಬಿಯೇ ಇಲ್ಲದ ‘ಅರ್ತ್‌ಕ್ಯಾಶ್’ ಎಂಬ ಜಾತಿಯು ಹೊರಟಿತು. ಅಲ್ಲಿಗೆ ಹೋದವನು ಬಂಡೆಯನ್ನೋ ಕಣಿವೆಯನ್ನೋ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆದು ಕಳುಹಿಸಬೇಕು. ಲಾಲ್‌ಬಾಗಿನ ಪುರಾತನವಾದ ಬಂಡೆಯಂಥ ಸ್ಥಳಗಳಿಗೆ ಈ ಬಗೆಯೇ ಯೋಗ್ಯವಾದುದು. ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ ಇದರಿಂದಲೇ ಆರಂಭಿಸುವುದು ಲೇಸು.

ಈಗ ಮೊದಲು ಹೇಳಿದ ಹೆಸರಿನ ಮಾತಿಗೆ ಹಿಂದಿರುಗೋಣ. ನಮ್ಮ ನಾಡಿನಲ್ಲಿ ‘ನಿಧಿ’ ಎಂಬ ಶಬ್ದವು ನಿರಪಾಯವಾದುದಲ್ಲ. ಹಾಳುಗುಡಿಯ ಗರ್ಭಗೃಹವನ್ನು ಅಗೆದು, ಪೀಠವನ್ನು ಒಡೆದು, ನಂದಿಯ ಹೊಟ್ಟೆಯನ್ನು ಸೀಳಿ, ವೀರಗಲ್ಲುಗಳನ್ನು ಕಿತ್ತೊಗೆದು ಹೋಗಿರುವ ನಿಧಿಗಳ್ಳರ ಕೃತ್ಯವನ್ನು ಶಾಸನಶೋಧಕ್ಕೆಂದು ಹಳ್ಳಿಗಳನ್ನು ತಿರುಗಿದವರೆಲ್ಲರೂ ಕಣ್ಣಾರೆ ಕಂಡಿರುವರು. ಓದಬೇಕಾಗಿದ್ದ ಕಲ್ಲು ಎರಡು ತುಂಡಾಗಿ ಬಿದ್ದಿರುವುದನ್ನು ಕಂಡಾಗ ಆಗುವ ಸಂಕಟವು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಇಂಥ ನಾಡಿನಲ್ಲಿ ನಾಲ್ಕು ಜನ ಯುವಕರು ಯಂತ್ರವನ್ನು ಹಿಡಿದು ಹಳೆಯ ಮಂಟಪದ ಸುತ್ತ ಬಾಗಿ ಬಾಗಿ ನೋಡುತ್ತ, ಕೇಳಿದವರಿಗೆ ‘ನಿಧಿ ಹುಡುಕುತ್ತಿದ್ದೇವೆ’ ಎಂದರೆ ಊರವರು ಏನೆಂದುಕೊಂಡಾರು? ಅವರು ಅಡ್ಡಗಟ್ಟಿದರೆ ತಪ್ಪೂ ಇಲ್ಲ. ಅದಕ್ಕಿಂತ ಕೆಟ್ಟದೆಂದರೆ, ಆ ಮಾತನ್ನು ನಂಬಿದ ಒಬ್ಬನು ರಾತ್ರಿ ಗುದ್ದಲಿಯೊಡನೆ ಬರುವುದು. ಆದುದರಿಂದ ದೇವಾಲಯ, ಶಾಸನ, ವೀರಗಲ್ಲು, ಕೋಟೆಗೋಡೆಗಳ ಬಳಿಯಲ್ಲಿ ಡಬ್ಬಿಯನ್ನು ಇಡಲೇಬಾರದೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಸಂರಕ್ಷಿತಸ್ಮಾರಕಗಳಿಗೆ ಕಾಯಿದೆಯ ಕಾವಲಾದರೂ ಉಂಟು. ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೆ ಊರವರ ಗೌರವವೊಂದೇ ಕಾವಲು.

ಸಂದೇಹದ ಅಪಾಯವು ಹಳ್ಳಿಗಳಲ್ಲಿ ಮಾತ್ರವಲ್ಲ. 2011ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ವೆದರ್ಬಿ ಎಂಬ ಪೇಟೆಯಲ್ಲಿ ಕಾಫಿಯ ಅಂಗಡಿಯೊಂದರ ಹೊರಗೆ ಒಬ್ಬನು ಡಬ್ಬಿಯನ್ನು ಮರೆಮಾಡುತ್ತಿದ್ದುದನ್ನು ಕಂಡವರು ಬಾಂಬೆಂದು ತಿಳಿದು ಪೋಲೀಸರಿಗೆ ತಿಳಿಸಿದರು. ಬೀದಿಯನ್ನು ತೆರವುಮಾಡಿಸಿ ಸೈನ್ಯದವರು ಆ ಡಬ್ಬಿಯನ್ನು ಸ್ಫೋಟಿಸಿ ನಾಶಮಾಡಿದರು. ಒಳಗಿದ್ದುದು ಕಾಗದ ಮುಂತಾದ ನಿರುಪದ್ರವ ವಸ್ತುಗಳು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿರೆಂದು ನಮ್ಮ ರೈಲುನಿಲ್ದಾಣಗಳಲ್ಲಿ ಸಾರುತ್ತಿರುವುದನ್ನು ಎಲ್ಲರೂ ಕೇಳಿದ್ದೇವೆ. ವಾರಸುದಾರನುಂಟೆಂದು ನೋಡಿದೊಡನೆ ತಿಳಿಯುವ ಹಾಗೆ ಡಬ್ಬಿಯ ಹೊರಮೈಯಲ್ಲಿ ಇದು ಇಂಥ ಆಟಕ್ಕೆ ಸೇರಿದ್ದು, ನಿರಪಾಯವಾದುದು ಎಂದು ಬರೆಯುವುದೂ, ಒಳಗೆ ಊರಿನ ಭಾಷೆಯಲ್ಲಿಯೇ ಒಂದು ವಿವರಣೆಯ ಚೀಟಿಯನ್ನಿಡುವುದೂ ಅಗತ್ಯ. ನಮ್ಮಲ್ಲಿ ಆ ಚೀಟಿಯು ಕನ್ನಡದಲ್ಲಿಲ್ಲದಿದ್ದರೆ ವ್ಯರ್ಥ. ಡಬ್ಬಿಯು ಅಕಸ್ಮಾತ್ತಾಗಿ ಸಿಕ್ಕುವುದು ಕುರಿ ಕಾಯುವವನಿಗೆ, ಉದ್ಯಾನದ ಮಾಲಿಗೆ.

ಇಟ್ಟು, ಪ್ರಕಟಿಸಿ, ಕೈತೊಳೆದುಕೊಳ್ಳುವುದಕ್ಕೆ ನಿಕ್ಷೇಪಧರ್ಮವು ಎಡೆಗೊಡುವುದಿಲ್ಲ. ಈ ವಿನೋದದಲ್ಲಿ ಅತ್ಯಂತ ದೀರ್ಘವಾದ, ಅತ್ಯಂತ ಅಪ್ರಸಿದ್ಧವಾದ ಭಾಗವೆಂದರೆ ಪಾಲನೆ. ಹುಡುಕುವುದು ಒಂದು ಗಂಟೆಯ ಕೆಲಸ, ಇಡುವುದು ಒಂದು ದಿನದ ಕೆಲಸ, ಪಾಲನೆಯು ವರ್ಷಗಳದು. ಡಬ್ಬಿಯ ಮುಚ್ಚಳವು ಬಿಸಿಲಿಗೆ ಸೀಳುತ್ತದೆ. ಅದರ ರಬ್ಬರಿನ ಬಳೆಯು ಒಣಗುತ್ತದೆ. ಒಬ್ಬನು ಸರಿಯಾಗಿ ಮುಚ್ಚದೆ ಹೋದರೆ ಒಂದು ಮಳೆಗೆ ಪುಸ್ತಕವು ಮುದ್ದೆಯಾಗುತ್ತದೆ. ಮಸಿಯ ಲೇಖನಿಯ ಬರಹವು ತೇವಕ್ಕೆ ಹರಡಿಹೋಗುವುದರಿಂದ ಸೀಸದ ಕಡ್ಡಿಯನ್ನಿಡುವುದೇ ಉತ್ತಮ. ಸೈನ್ಯದವರು ಮಾರಿಬಿಡುವ ಹಳೆಯ ತೋಟಾಪೆಟ್ಟಿಗೆಗಳು ನೀರಿಗೆ ಅಭೇದ್ಯವಾದುದರಿಂದ ಅಮೆರಿಕಾದಲ್ಲಿ ಅವುಗಳಿಗೆ ಬಹಳ ಮರ್ಯಾದೆ. ಬೆರಳಿನಷ್ಟೆತ್ತರದ ಹಳೆಯ ಫೋಟೋಸುರುಳಿಯ ಡಬ್ಬಿಗಳು ಅಡಗಿಸಲು ಸುಲಭ, ನೀರಿಗೆ ಸುಲಭದ ತುತ್ತು. ಮೂರು ತಿಂಗಳು ಎಡೆಬಿಡದೆ ಮಳೆ ಹೊಯ್ಯುವ ಮಲೆನಾಡಿನಲ್ಲಿ ಇವುಗಳನ್ನು ಇಡುವುದು ಪುಸ್ತಕವನ್ನು ನೇರವಾಗಿ ಹೊಳೆಗೆ ಹಾಕಿದಂತೆಯೇ ಸರಿ.

ಹುಡುಕಿದವರು ಕೆಟ್ಟಸ್ಥಿತಿಯನ್ನು ವರದಿ ಮಾಡಿದರೆ ಇಟ್ಟವನು ಹೋಗಿ ಸರಿಪಡಿಸಬೇಕು. ಕೂಡಲೆ ಆಗದಿದ್ದರೆ ಪಟ್ಟಿಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದೆಯೆಂದು ಬರೆಯಬೇಕು. ಕೆಲವು ವಾರಗಳಾದರೂ ಕೇಳುವವರಿಲ್ಲದಿದ್ದರೆ ಪರೀಕ್ಷಕರು ಆ ನಿಕ್ಷೇಪವನ್ನು ಪಟ್ಟಿಯಿಂದ ಹಳೆಯ ದಾಖಲೆಗೆ ಸೇರಿಸಿಬಿಡುತ್ತಾರೆ. ಹಾಗಾದ ಮೇಲೂ ಡಬ್ಬಿಯು ಕಾಡಿನಲ್ಲಿ ಇದ್ದೇ ಇರುತ್ತದೆ. ಇಟ್ಟವನು ಹೋಗಿ ತಂದರೆ ಸರಿ, ಇಲ್ಲದಿದ್ದರೆ ಅಂದಿನಿಂದ ಅದು ಬರಿಯ ಕಸ. ಪ್ರವಾಸದಲ್ಲಿ ದೂರದ ಊರಿಗೆ ಹೋದವನು ಅಲ್ಲೊಂದು ಡಬ್ಬಿಯನ್ನಿಟ್ಟು ಬರುವುದನ್ನು, ಸ್ಥಳೀಯನೊಬ್ಬನು ಪಾಲನೆಗೆ ಒಪ್ಪಿದ ಹೊರತು, ಪರೀಕ್ಷಕರು ಸಮ್ಮತಿಸದಿರುವುದು ಇದೇ ಕಾರಣದಿಂದ. ಇನ್ನೊಂದು ಕೆಟ್ಟ ಚಾಳಿಯೂ ಉಂಟು. ಹುಡುಕಿ ಕಾಣದವನು ಬರಿಗೈಯಲ್ಲಿ ಹಿಂದಿರುಗಲು ನಾಚಿ, ಜೇಬಿನಿಂದ ಹೊಸ ಡಬ್ಬಿಯೊಂದನ್ನು ತೆಗೆದು ಅಲ್ಲಿ ಎಸೆದು, ಅದರಲ್ಲಿ ತಾನೇ ಹೆಸರು ಬರೆದು, ‘ಕಂಡೆ’ ಎಂದು ವರದಿ ಮಾಡುತ್ತಾನೆ. ಉಪಕಾರವೆಂಬ ಹೆಸರಿನಿಂದ ನಡೆಯುವ ಈ ಕೆಲಸದಿಂದ ಒಂದೇ ಎಡೆಯಲ್ಲಿ ಎರಡು ಮೂರು ಡಬ್ಬಿಗಳು ಬೆಳೆಯುತ್ತವೆ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ತಿಳಿಯುವುದಿಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವವರಿಗೆ ಈ ರೋಗದ ಪರಿಚಯವು ಚೆನ್ನಾಗಿರುವುದು. ಲಿಪಿಕಾರನು ಕಾಣದ ಪಾಠವನ್ನು ಕಾಣೆನೆಂದು ಬಿಟ್ಟಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ‘ಕಾಣಲಿಲ್ಲ’ ಎಂದು ಬರೆಯುವುದಕ್ಕೂ ಈ ಆಟದ ಪಟ್ಟಿಯಲ್ಲಿ ಗೌರವದ ಎಡೆಯುಂಟು. ಡಬ್ಬಿಯು ಕಳೆದಿ‍ರಬಹುದೆಂದು ಇಟ್ಟವನಿಗೆ ಮೊದಲು ತಿಳಿಯುವುದು ಅಂಥ ಎರಡು ಮೂರು ವರದಿಗಳಿಂದಲೇ. ಹುಡುಕಲು ಹೋದವರು ದಾರಿಯಲ್ಲಿಯ ಕಸವನ್ನು ಚೀಲದಲ್ಲಿ ತುಂಬಿ ತರುವ ಒಳ್ಳೆಯ ಸಂಪ್ರದಾಯವೂ 2002ರಿಂದ ಈಚೆಗೆ ಇವರಲ್ಲಿ ಬೆಳೆದಿದೆ.

ಪಾಲನೆಯ ಮಾತನ್ನು ಇಷ್ಟು ಉದ್ದ ಬರೆಯುವುದಕ್ಕೆ ಸ್ವಂತ ಅನುಭವವೊಂದು ಕಾರಣ. ಈ ಲೇಖಕನು ಕೆಲವು ವರ್ಷಗಳ ಹಿಂದೆ ಮಗಳ ಮಗನ ಒತ್ತಾಯದಿಂದ ಊರಿನ ಹೊರಗಿನ ಗುಡ್ಡವೊಂದಕ್ಕೆ ಡಬ್ಬಿಯನ್ನು ಹುಡುಕಲು ಹೋಗಿದ್ದನು. ಮಳೆಗಾಲವು ಆಗತಾನೆ ಕಳೆದಿತ್ತು. ಒಂದು ಗಂಟೆಯ ತರುವಾಯ ಹುಡುಗನು ಕಲ್ಲಿನ ಮರೆಯಿಂದ ಅದನ್ನು ಹೊರಗೆ ತೆಗೆದಾಗ ಒಳಗೆ ನೀರು ಕುಲುಕಿತು. ಪುಸ್ತಕವು ಹಿಟ್ಟಿನ ಮುದ್ದೆಯಂತೆ ಕೈಗೆ ಬಂದಿತು. ಹೆಸರು ಬರೆಯಲು ಒಂದು ಹಾಳೆಯೂ ಇರಲಿಲ್ಲ. ಹುಡುಗನು ಕಸದ ಬುಟ್ಟಿಗೆ ಹಾಕೋಣವೆಂದನು. ‘ಇದು ನಮ್ಮದಲ್ಲವಪ್ಪ’ ಎಂದು ಹೇಳಿ, ನೀರನ್ನು ಚೆಲ್ಲಿ, ಡಬ್ಬಿಯನ್ನು ಒರಸಿ, ನಮ್ಮಲ್ಲಿದ್ದ ಒಣಕಾಗದದ ತುಂಡೊಂದನ್ನು ಒಳಗಿಟ್ಟು, ಅದರಲ್ಲಿ ಇಬ್ಬರ ಹೆಸರನ್ನೂ ಬರೆದು ಬಂದೆವು. ಪುಸ್ತಕವನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ತಂದೆವು. ವರದಿಯನ್ನು ಬರೆದ ಮೂರನೆಯ ದಿನ ಇಟ್ಟವರಿಂದ ಉತ್ತರ ಬಂದಿತು. ತಾವು ಬೇರೆ ಊರಿಗೆ ವರ್ಗವಾಗಿ ಹೋಗಿರುವುದಾಗಿಯೂ, ದೀಪಾವಳಿಯ ರಜೆಯಲ್ಲಿ ಬಂದು ಸರಿಪಡಿಸುವುದಾಗಿಯೂ, ಆವರೆಗೆ ಪಟ್ಟಿಯಲ್ಲಿ ನಿಲ್ಲಿಸಿರುವುದಾಗಿಯೂ ಅವರು ಬರೆದಿದ್ದರು. ತಂದ ಪುಸ್ತಕದ ಹಾಳೆಗಳನ್ನು ನಾವು ಓಲೆಗರಿಯ ಕಟ್ಟನ್ನು ಬಿಡಿಸುವಷ್ಟು ಜೋಪಾನವಾಗಿ ಬಿಡಿಸಿ ನೆರಳಿನಲ್ಲಿ ಒಣಗಿಸಿದೆವು. ಹನ್ನೊಂದು ಹಾಳೆಗಳು ಉಳಿದುವು; ಸೀಸದ ಕಡ್ಡಿಯಲ್ಲಿ ಬರೆದವರ ಹೆಸರುಗಳೆಲ್ಲವೂ ಓದುವಂತಿದ್ದುವು. ದೀಪಾವಳಿಯ ಮರುದಿನ ಅವರು ಹೊಸ ಡಬ್ಬಿಯೊಡನೆ ಮನೆಗೆ ಬಂದು, ಆ ಹಾಳೆಗಳನ್ನು ತೆಗೆದುಕೊಂಡು ಹುಡುಗನನ್ನೂ ಜೊತೆಗೆ ಕರೆದುಕೊಂಡು ಗುಡ್ಡಕ್ಕೆ ಹೋದರು.